ಐದು ಮಕ್ಕಳ ಶಾಲೆಯಲ್ಲಿ ಓದು ಅಳೆಯುವುದು ಹೇಗೆ?

ಹೊಸನಗರ, ಸಾಗರ ಕಡೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ನಮ್ಮ ಸಣ್ಣ ಟ್ರಸ್ಟ್ ಓದಿನ ತರಗತಿ ನಡೆಸುತ್ತದೆ. ಪಿಯುಸಿ, ಡಿಗ್ರಿ ಮುಗಿಸಿದ ಆಯಾ ಊರಿನ ಹುಡುಗಿಯರೇ ಕಲಿಸುವವರು. ಮೂರರಿಂದ ಐದನೇ ತರಗತಿಯಲ್ಲಿ ಓದಲು ತಡವರಿಸುವ ಮಕ್ಕಳನ್ನು ದಿನದ ಕೊನೆಯ ಪೀರಿಯಡ್‌ನಲ್ಲಿ ಕೂರಿಸಿಕೊಳ್ಳುತ್ತಾರೆ. ಶಾಲೆ ಬಿಟ್ಟ ಮೇಲೆ ನಡೆಸೋಣ ಅಂದರೆ ಮಲೆನಾಡಿನಲ್ಲಿ ಆಗುವ ಮಾತಲ್ಲ. ಮಳೆಗಾಲದಲ್ಲಿ ಸಂಜೆಯೇ ಕಾಡುದಾರಿ ಕತ್ತಲಾಗಿರುತ್ತದೆ, ಮಕ್ಕಳು ಕಾಲುಸಂಕ ದಾಟಿ ಮನೆ ಸೇರಬೇಕು.

ಈ ತರಗತಿಯಿಂದ ಮಕ್ಕಳಿಗೆ ನಿಜವಾಗಿ ಏನಾದರೂ ಆಗುತ್ತಿದೆಯಾ ಅಂತ ನೋಡುವುದು ನನ್ನ ಕೆಲಸ. ದಾನಿಗಳು ಕಳಿಸುವ ಫಾರಂನಲ್ಲಿ ಕೇಳುವುದೇ ಬೇರೆ: ಎಷ್ಟು ಬ್ಯಾಗ್ ಹಂಚಿದಿರಿ, ಎಷ್ಟು ಮಕ್ಕಳಿಗೆ ತಲುಪಿದಿರಿ, ನಾಲ್ಕು ಫೋಟೋ ಹಾಕಿ. ತುಂಬಿ ಕೊಡುತ್ತೇವೆ. ಆದರೆ ಅದರಿಂದ ಗೊತ್ತಾಗುವುದು ಬ್ಯಾಗ್ ಅಂಗಡಿಯವನ ವ್ಯಾಪಾರ ಅಷ್ಟೇ.

ಒಬ್ಬ ದಾನಿ ಪ್ರತಿ ಮಗುವಿಗೂ ಅಭ್ಯಾಸ ಪುಸ್ತಕ ಕೊಡಿಸುತ್ತೇನೆ ಅಂದರು. ನಾನು ಅವರಿಗೆ ಕೀನ್ಯಾದ ಸಂಗತಿ ಹೇಳಿದೆ. 1990ರ ದಶಕದಲ್ಲಿ ಪಶ್ಚಿಮ ಕೀನ್ಯಾದಲ್ಲಿ ಒಂದು ಸಂಸ್ಥೆ ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟಿತು. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೈಕಲ್ ಕ್ರೆಮರ್ ಮತ್ತು ಅವರ ಜೊತೆಗಾರರು ಫಲಿತಾಂಶ ಅಳೆದರು. ಸರಾಸರಿ ಅಂಕ ಏರಲೇ ಇಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದವರಿಗೆ ಮಾತ್ರ ಉಪಯೋಗವಾಯಿತು. ಪುಸ್ತಕ ಇದ್ದದ್ದು ಇಂಗ್ಲಿಷ್‌ನಲ್ಲಿ, ಹೆಚ್ಚಿನ ಮಕ್ಕಳಿಗೆ ಅದನ್ನು ಓದಲೇ ಬರುತ್ತಿರಲಿಲ್ಲ. ನಮ್ಮಲ್ಲಿ ಪುಸ್ತಕ ಕನ್ನಡದ್ದೇ. ಆದರೆ ಅಕ್ಷರ ಕೂಡಿಸಲು ಬಾರದ ನಾಲ್ಕನೇ ತರಗತಿಯ ಹುಡುಗನಿಗೆ ಅದೂ ಅಷ್ಟೇ ದೂರ, ಅಲ್ವಾ?

ಅಳೆಯಲು ನಾವು ಹೊಸದೇನೂ ಕಂಡುಹಿಡಿಯಲಿಲ್ಲ. ಶಿಕ್ಷಣ ಕ್ಷೇತ್ರದ ಪ್ರಥಮ್ ಸಂಸ್ಥೆ 2005ರಲ್ಲಿ ಶುರು ಮಾಡಿದ, ಹಳ್ಳಿ ಮಕ್ಕಳ ಕಲಿಕೆ ನೋಡುವ ಅಸರ್ ಸಮೀಕ್ಷೆಯ ಓದಿನ ಹಾಳೆ ಇದೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಮಗು ಎಲ್ಲಿಯವರೆಗೆ ಓದುತ್ತದೋ ಅದೇ ಅದರ ಮೆಟ್ಟಿಲು. ಆದರೆ ಅಸರ್ ನೋಡುವುದು ಇಡೀ ಜಿಲ್ಲೆಯನ್ನು, ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ನಮಗೆ ಬೇಕಿದ್ದದ್ದು ಒಂದೊಂದು ಮಗುವಿನ ಲೆಕ್ಕ. ಹಾಗಾಗಿ ನಡುವೆ ಎರಡು ಮೆಟ್ಟಿಲು ಸೇರಿಸಿಕೊಂಡೆವು. ‘ಮರ, ಸರ’ ಓದುವ ಮಗು ‘ಗೋಪುರ’ದಲ್ಲಿ ನಿಲ್ಲುತ್ತದೆ. ಕಾಗುಣಿತ ದಾಟಿದ ಮಗು ‘ಅಕ್ಕಿ’, ‘ಹಣ್ಣು’ ದಾಟಿ ‘ರಾಷ್ಟ್ರ’ಕ್ಕೆ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತದೆ. ಕನ್ನಡ ಕಲಿಸಿದ ಯಾವ ಮೇಷ್ಟ್ರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಕಾಗುಣಿತಕ್ಕೆ ಒಂದು, ಒತ್ತಕ್ಷರಕ್ಕೆ ಒಂದು ಅಂತ ಬೇರೆ ಮೆಟ್ಟಿಲಿಲ್ಲದಿದ್ದರೆ ಮಗು ವರ್ಷವಿಡೀ ಮುಂದೆ ಹೋದದ್ದು ಹಾಳೆಯಲ್ಲಿ ಕಾಣುವುದೇ ಇಲ್ಲ.

ಓದಿಸಿ ನೋಡುವವರು ಕಲಿಸುವವರಾಗಿರಬಾರದು. ಇದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಕಲಿಸಿದವಳಿಗೆ ತನ್ನ ಮಗು ಗೆಲ್ಲಲಿ ಅನ್ನುವ ಆಸೆ ಇರುತ್ತದೆ, ತುಟಿ ತಾನಾಗಿಯೇ ಅಲ್ಲಾಡುತ್ತದೆ. ಸಾಗರದ ಕಾಲೇಜು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತೇವೆ. ಯಾವ ಶಾಲೆಯಲ್ಲಿ ತರಗತಿ ನಡೆದಿದೆ, ಯಾವುದರಲ್ಲಿ ಇಲ್ಲ ಅನ್ನುವುದನ್ನು ಅವರಿಗೆ ಹೇಳುವುದಿಲ್ಲ. ಜಗಲಿಯ ಮೂಲೆಯಲ್ಲಿ ಒಂದೊಂದೇ ಮಗು, ಬೇರೆ ಬೇರೆ ಹಾಳೆ. ಇಲ್ಲದಿದ್ದರೆ ಕೊನೆಯ ಮಗುವಿಗೆ ಕಥೆ ಬಾಯಿಪಾಠವಾಗಿರುತ್ತದೆ. ಮೊದಲು ಮನೆಯ ದನ ಕರು, ನಾಯಿ ಬಗ್ಗೆ ಸುಮ್ನೆ ಮಾತಾಡಿಸಬೇಕು. ‘ಹಾಲು’ ಅನ್ನುವುದನ್ನು ‘ಆಲು’ ಎಂದು ಓದಿದರೆ ಸರಿ ಎಂದೇ ಗುರುತು ಹಾಕಬೇಕು. ನಾವು ನೋಡುತ್ತಿರುವುದು ಓದನ್ನು, ಮನೆಮಾತಿನ ಉಚ್ಚಾರವನ್ನಲ್ಲ.

ಇನ್ನು ಹೋಲಿಕೆ. ಜೂನ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಅಳೆದರೆ ಯಾವ ಕಾರ್ಯಕ್ರಮವಾದರೂ ಚೆನ್ನಾಗೇ ಕಾಣುತ್ತದೆ. ಬೇಸಿಗೆ ರಜೆಯಲ್ಲಿ ಮರೆತದ್ದು ಶಾಲೆ ಶುರುವಾದ ಮೇಲೆ ತಾನಾಗಿಯೇ ವಾಪಸ್ ಬರುತ್ತದೆ, ನಮ್ಮ ಹುಡುಗಿಯರು ಇರಲಿ ಇಲ್ಲದಿರಲಿ ಮೇಷ್ಟ್ರಂತೂ ಕಲಿಸುತ್ತಿರುತ್ತಾರೆ. ಹಾಗಾಗಿ ತರಗತಿ ಇಲ್ಲದ ಶಾಲೆಗಳ ಜೊತೆ ಹೋಲಿಸಬೇಕು. ನಮ್ಮ ದುಡ್ಡಿಗೆ ಹೋದ ವರ್ಷ ಅರ್ಧ ಶಾಲೆಗಳಷ್ಟೇ ಆಗುತ್ತಿತ್ತು. ಯಾವ ಅರ್ಧ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿದೆವು. ಮೊದಲು ಒಂದೇ ತರಹದ ಶಾಲೆಗಳನ್ನು ಜೋಡಿ ಮಾಡಿದೆವು: ಟಾರು ರಸ್ತೆ ಪಕ್ಕದ್ದಕ್ಕೆ ಟಾರು ರಸ್ತೆ ಪಕ್ಕದ್ದು, ಶರಾವತಿ ಹಿನ್ನೀರಿನ ಆಚೆಯದ್ದಕ್ಕೆ ಆಚೆಯದ್ದು. ಆಮೇಲೆ ಮುಖ್ಯಶಿಕ್ಷಕರು, ಎಸ್‌ಡಿಎಂಸಿಯವರ (ಶಾಲೆಯ ಉಸ್ತುವಾರಿ ಸಮಿತಿಯವರು) ಎದುರೇ ಮಕ್ಕಳ ಕೈಯಲ್ಲಿ ಚೀಟಿ ಎತ್ತಿಸಿದೆವು. ‘ನಮ್ಮ ಶಾಲೆಯೇ ಹಿಂದುಳಿದದ್ದು, ನಮಗೇ ಮೊದಲು ಕೊಡಬೇಕಿತ್ತು’ ಅಂತ ಗಲಾಟೆಯಾಯಿತು. ಮುಂದಿನ ವರ್ಷ ನಿಮ್ಮದೇ ಸರದಿ ಎಂದು ಬರೆದುಕೊಟ್ಟ ಮೇಲೆ ಸುಮ್ಮನಾದರು. ನಾವೇ ಶಾಲೆ ಆರಿಸಿದ್ದರೆ ಜಾಸ್ತಿ ಉತ್ಸಾಹದ ಮೇಷ್ಟ್ರು ಇರುವಲ್ಲಿಗೇ ಹೋಗುತ್ತಿದ್ದೆವು, ಅವರು ಮಾಡಿದ ಕೆಲಸಕ್ಕೆ ನಮ್ಮ ಹೆಸರು ಬರುತ್ತಿತ್ತು.

ಪರ್ಸೆಂಟೇಜ್ ನಂಬಬೇಡಿ. ಐದು ಮಕ್ಕಳ ಶಾಲೆಯಲ್ಲಿ ಒಬ್ಬಳು ಓದಲು ಕಲಿತರೆ ಶೇ. 20 ಏರಿಕೆ. ಅವಳ ಅಪ್ಪ ಅಮ್ಮ ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತಿಸಿದರೆ ಅದೂ ಹೋಯಿತು. ಒಂದೊಂದು ಶಾಲೆಗೆ ರ್‍ಯಾಂಕ್ ಕೊಡುವುದು ಇಲ್ಲಿ ಅರ್ಥವಿಲ್ಲದ ಕೆಲಸ. ಎಲ್ಲ ಶಾಲೆಯ ಮಕ್ಕಳನ್ನು ಒಟ್ಟಿಗೆ ಇಟ್ಟು, ಯಾರು ಯಾವ ಮೆಟ್ಟಿಲಿನಿಂದ ಎಲ್ಲಿಗೆ ಹೋದರು ಅಂತ ನೋಡುತ್ತೇವೆ.

ಎಲ್ಲಕ್ಕಿಂತ ಜಾಸ್ತಿ ಶ್ರಮ ಬೇಡಿದ್ದು ಗೈರುಹಾಜರಾದ ಮಕ್ಕಳು. ಅಡಿಕೆ ಗೊನೆ ಕೊಯ್ಯುವ, ಸುಲಿಯುವ ಸಮಯದಲ್ಲಿ ದೊಡ್ಡ ಮಕ್ಕಳು ತಮ್ಮ ತಂಗಿಯರನ್ನು ನೋಡಿಕೊಂಡು ಮನೆಯಲ್ಲೇ ಉಳಿಯುತ್ತಾರೆ. ಶುಂಠಿ ಕೆಲಸಕ್ಕೆ ಬಂದವರ ಮಕ್ಕಳು ಸೀಸನ್ ಮುಗಿದರೆ ಊರೇ ಬಿಟ್ಟಿರುತ್ತಾರೆ. ಓದು ಹಿಂದಿರುವವರೇ ಹೀಗೆ ತಪ್ಪಿಸಿಕೊಳ್ಳುವುದು ಜಾಸ್ತಿ. ಅಳೆಯುವ ದಿನ ಬಂದವರನ್ನಷ್ಟೇ ಲೆಕ್ಕ ಹಿಡಿದರೆ ಸರಾಸರಿ ಸುಮ್ಮಸುಮ್ಮನೆ ಏರುತ್ತದೆ. ಅದಕ್ಕೇ ಮನೆಗೆ ಹೋಗಿ, ಅಡಿಕೆ ಚಪ್ಪರದ ಕೆಳಗೇ ಕೂತು ಓದಿಸಿದ್ದೇವೆ. ಟಿಸಿ ತೆಗೆದುಕೊಂಡು ಹೋದವರನ್ನು ಹೊಸ ಶಾಲೆಯಲ್ಲಿ ಹುಡುಕಿದ್ದೇವೆ. ಸಿಗದವರ ಹೆಸರನ್ನು ಪಟ್ಟಿಯಿಂದ ತೆಗೆಯುವುದಿಲ್ಲ, ಎಷ್ಟು ಜನ ಸಿಗಲಿಲ್ಲ ಅಂತ ವರದಿಯ ಮೊದಲ ಪುಟದಲ್ಲೇ ಬರೆಯುತ್ತೇವೆ.

ಫಲಿತಾಂಶ ಬಂತು. ಚೀಟಿ ಬಂದ ಶಾಲೆಯ ಮಕ್ಕಳು ಮುಂದೆ ಹೋಗಿದ್ದರು. ಬಾರದ ಶಾಲೆಯವರೂ ಹೋಗಿದ್ದರು, ಸ್ವಲ್ಪ ಕಡಿಮೆ. ನಮ್ಮದು ಎಂದು ಹೇಳಿಕೊಳ್ಳಬಹುದಾದದ್ದು ನಡುವಿನ ಆ ವ್ಯತ್ಯಾಸ ಮಾತ್ರ. ಅದು ಎದ್ದು ಕಂಡದ್ದು ಅಕ್ಷರ, ಕಾಗುಣಿತದ ಮೆಟ್ಟಿಲಲ್ಲಿದ್ದ ಮಕ್ಕಳಲ್ಲಿ. ಓದಿನ ಜೊತೆ ವಾರಕ್ಕೆ ಎರಡು ದಿನ ಗಣಿತವನ್ನೂ ಕಲಿಸಿದ್ದೆವು. ದಶಕ ಸಾಲ ತೆಗೆದುಕೊಂಡು ಕಳೆಯುವ ಆ ಲೆಕ್ಕದಲ್ಲಿ ಎರಡೂ ಕಡೆ ಒಂದೇ. ದಾನಿಗಳಿಗೆ ಹಾಗೇ ಬರೆದೆವು. ಒಬ್ಬರು ಬೇಸರ ಮಾಡಿಕೊಂಡರು, ಉಳಿದವರು ಮುಂದುವರಿದರು. ಗಣಿತ ನಿಲ್ಲಿಸಿ ಆ ಎರಡು ದಿನವನ್ನೂ ಒತ್ತಕ್ಷರಕ್ಕೆ ಕೊಟ್ಟಿದ್ದೇವೆ.

ಮುಂಬೈ, ವಡೋದರಾದಲ್ಲಿ ಆಯಾ ಊರಿನ ಹುಡುಗಿಯರೇ ಹಿಂದುಳಿದ ಮಕ್ಕಳಿಗೆ ಕಲಿಸುತ್ತಿದ್ದ ಪ್ರಥಮ್‌ನ ಬಾಲಸಖಿ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಆದ ಲಾಭ ಒಂದು ವರ್ಷದ ನಂತರ ಸಾಕಷ್ಟು ಕರಗಿತ್ತು. ಆದ್ದರಿಂದ ತರಗತಿ ಬಿಟ್ಟು ವರ್ಷವಾದ ಮಕ್ಕಳನ್ನೂ ಮತ್ತೆ ಓದಿಸಿ ನೋಡಬೇಕಿದೆ. ಆದರೆ ಚೀಟಿ ಬಾರದ ಶಾಲೆಗಳಲ್ಲೂ ಈ ವರ್ಷ ತರಗತಿ ಶುರುವಾಗಿದೆ, ಮಾತು ಕೊಟ್ಟಿದ್ದೆವಲ್ಲ. ಹೋಲಿಸಲು ಈಗ ಬೇರೆ ಶಾಲೆಗಳು ಬೇಕು. ತೀರ್ಥಹಳ್ಳಿ ಕಡೆ ಹುಡುಕುತ್ತಿದ್ದೇವೆ.