ಒಂದೇ ಮಗು, ಮೂರು ಗ್ರಾಫ್

ನಾನು ವಿಶೇಷ ಶಿಕ್ಷಕಿ. ಆಟಿಸಂ ಇದ್ದ, ಇನ್ನೂ ಮಾತು ಬಾರದ ಹುಡುಗನೊಬ್ಬನಿಗೆ ಚಿತ್ರದ ಕಾರ್ಡ್ ಕೊಟ್ಟು ಬೇಕಾದ್ದನ್ನು ಕೇಳುವುದು ಕಲಿಸಬೇಕಿತ್ತು. ಅವನು ಕಲಿತರೆ ಅದು ನಮ್ಮ ಪಾಠದಿಂದಲೇ ಅಂತ ಹೇಗೆ ಹೇಳುವುದು? ಮಕ್ಕಳು ತಾವಾಗಿಯೂ ಬೆಳೆಯುತ್ತಾರೆ ಅಲ್ವಾ? ಹೋಲಿಸಿ ನೋಡಲು ಅವನಂಥ ಮಕ್ಕಳ ದೊಡ್ಡ ಗುಂಪೂ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಅವನನ್ನು ಅವನ ಜೊತೆಗೇ ಹೋಲಿಸಿದೆ. ಏಕವ್ಯಕ್ತಿ ಪ್ರಯೋಗದ ತಿರುಳೇ ಇದು.

ಮೊದಲು, ಯಾವುದನ್ನು ಎಣಿಸಬೇಕು ಅಂತ ಗಟ್ಟಿ ಮಾಡಿಕೊಂಡೆವು. ಯಾರೂ ಹೇಳದೆ ತಾನೇ ಕಾರ್ಡ್ ಎತ್ತಿ ಎದುರಿನವರ ಕೈಗೆ ಕೊಟ್ಟರೆ ಮಾತ್ರ ಒಂದು. ಮುಟ್ಟಿದರೆ, ನೋಡಿದರೆ ಲೆಕ್ಕಕ್ಕಿಲ್ಲ. ಕೆಲವು ಸೆಷನ್‌ಗಳಲ್ಲಿ ಸಹಾಯಕಿಯೂ ನನ್ನ ಹಾಳೆ ನೋಡದೆ ಬೇರೆಯಾಗಿ ಎಣಿಸಿದರು. ಇಬ್ಬರ ಲೆಕ್ಕ ಕನಿಷ್ಠ ಶೇ. 80ರಷ್ಟಾದರೂ ತಾಳೆಯಾಗಬೇಕು ಅನ್ನುವುದು ಈ ಕ್ಷೇತ್ರದ ರೂಢಿ.

ಆಮೇಲೆ ಬೇಸ್‌ಲೈನ್. ಏನೂ ಕಲಿಸದೆ ಬರೀ ಬರೆದುಕೊಳ್ಳುವ ಹಂತ. ಅವನ ತಾಯಿಗೆ ತಡೆಯಲಾಗಲಿಲ್ಲ. “ಮೇಡಂ, ಸುಮ್ನೆ ಬರ್ಕೊಂಡು ಕೂತಿದ್ದೀರಲ್ಲ, ಪಾಠ ಯಾವಾಗ?” ಆ ಕಾತರ ನನಗೆ ಅರ್ಥವಾಗುತ್ತಿತ್ತು. ಆದರೂ ಗ್ರಾಫ್‌ನಲ್ಲಿ ಎಣಿಕೆಯ ಗೆರೆ ಒಂದು ಮಟ್ಟದಲ್ಲಿ ನಿಲ್ಲುವವರೆಗೆ ಕಾಯಲೇಬೇಕು. ಮೊದಲೇ ಏರುತ್ತಿರುವ ಗೆರೆಯ ಮೇಲೆ ಪಾಠ ಶುರು ಮಾಡಿದರೆ, ಮುಂದಿನ ಏರಿಕೆ ಯಾವುದರಿಂದ ಆಯಿತು ಅಂತ ಯಾರೂ ಹೇಳಲಾರರು. ಒಂದು ಹಂತಕ್ಕೆ ಐದು ಬಿಂದುಗಳಾದರೂ, ಅಂದರೆ ಐದು ಸಲದ ಎಣಿಕೆಯಾದರೂ, ಇರಲಿ ಅನ್ನುತ್ತಾರೆ.

ಪಾಠ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು ನೋಡುವ ಎಬಿಎಬಿ ವಿನ್ಯಾಸವೂ ಇದೆ. ಇಲ್ಲಿ ಅದು ಹೊಂದುವುದಿಲ್ಲ. ಕೇಳಲು ಕಲಿತ ಮಗು, ಪಾಠ ನಿಲ್ಲಿಸಿದ ಕೂಡಲೇ ಅದನ್ನು ಮರೆಯುತ್ತದೆಯೇ? ಮರೆಯಲಿ ಅಂತ ಬಯಸುವುದೂ ಸರಿಯಲ್ಲ.

ಅದಕ್ಕೇ ಮಲ್ಟಿಪಲ್ ಬೇಸ್‌ಲೈನ್ ಆರಿಸಿದೆ. ಅವನು ಕಾರ್ಡ್ ಕೊಟ್ಟು ಕೇಳಬೇಕಾದವು ಮೂರು: ತಿಂಡಿ, ಆಟಿಕೆ, ಉಯ್ಯಾಲೆ. ಮೂರೂ ಕಡೆ ಒಟ್ಟಿಗೇ ಎಣಿಕೆ ಶುರು, ಪಾಠ ಮಾತ್ರ ಒಂದರ ನಂತರ ಒಂದು. ತಿಂಡಿಯ ಗೆರೆ ಏರಿದಾಗ ಉಳಿದೆರಡು ಕೆಳಗೇ ಇದ್ದವು. ಆಟಿಕೆಗೆ ಪಾಠ ಬಂದಾಗ ಆ ಗೆರೆಯೂ ಎದ್ದಿತು. ಆಮೇಲೆ ಉಯ್ಯಾಲೆಯದು. ಬರೀ ವಯಸ್ಸಿನಿಂದ ಆದ ಬೆಳವಣಿಗೆಯಾಗಿದ್ದರೆ ಮೂರೂ ಹೀಗೆ ಸರದಿ ಕಾಯುತ್ತಿರಲಿಲ್ಲ. ಮೂರು ಬೇರೆ ಹೊತ್ತಿನಲ್ಲಿ ಒಂದೇ ಫಲ ಕಂಡರೆ ನಂಬಬಹುದು.

ತಿಂಡಿಗೆ ಕಲಿತದ್ದು ತಾನಾಗಿ ಉಯ್ಯಾಲೆಗೂ ಹರಡಿದ್ದರೆ ಈ ವಾದ ಬೀಳುತ್ತಿತ್ತು, ಆದರೆ ಮಗುವಿಗೆ ಲಾಭವೇ. ಹಾಗಾಗಿದ್ದರೂ ನನಗೆ ಖುಷಿಯೇ ಆಗುತ್ತಿತ್ತು.

ತಾಯಿಗೆ ಗ್ರಾಫ್ ತೋರಿಸಿದಾಗ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಗೆರೆ ಎಲ್ಲಿ ಎದ್ದಿದೆ ಅಂತ ಅವರೇ ಬೆರಳಿಟ್ಟರು. ಇದೇ ಪಾಠ ಬೇರೆ ಮಕ್ಕಳಿಗೂ ಹಿಡಿಸುತ್ತದೆಯೇ ಅನ್ನುವುದನ್ನು ಈ ಒಂದು ಮಗು ಹೇಳಲಾರದು. ಅದಕ್ಕೆ ಇನ್ನೊಂದು ಮಗುವಿನೊಂದಿಗೆ ಮತ್ತೆ ಬೇಸ್‌ಲೈನ್‌ನಿಂದ ಶುರು ಮಾಡಿದ್ದೇವೆ.