ಅನ್, ಡಿಸ್, ಮಿಸ್: ಪಟ್ಟಿ ಬಿಟ್ಟು ಜೋಡಿ ಹಿಡಿದ ನನ್ನ ಅನುಭವ

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಇಂಗ್ಲಿಷ್ ಕಲಿಸುವವರಿಗೆ ಪ್ರಿಫಿಕ್ಸ್‌ಗಳ, ಅಂದರೆ ಪದದ ಮುಂಭಾಗಕ್ಕೆ ಸೇರುವ ಅನ್, ಡಿಸ್, ಮಿಸ್‌ನಂಥ ತುಣುಕುಗಳ, ಪಟ್ಟಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಎಲ್ಲವಕ್ಕೂ ‘ಅಲ್ಲ’ ಎಂಬ ಒಂದೇ ಅರ್ಥ ಬರೆಸಿ ಉರು ಹೊಡೆಸುವ ಆ ಕ್ರಮಕ್ಕಾಗಿ ನಾನು ಬಣ್ಣದ ಗೋಡೆಪಟಗಳಿಗೆ ಸುಮಾರು ನಾಲ್ಕು ಸಾವಿರ ರೂಪಾಯಿ, ಲ್ಯಾಮಿನೇಷನ್ ಮಾಡಿಸಿದ ಕಾರ್ಡುಗಳಿಗೆ ಅದಕ್ಕಿಂತ ಹೆಚ್ಚು ಸುರಿದೆ. ಆದರೂ ಅನ್‌ಯೂಸ್ಡ್ (ಬಳಸದೇ ಇರುವ), ಡಿಸ್‌ಯೂಸ್ಡ್ (ಮೊದಲಿದ್ದ ಬಳಕೆ ನಿಂತುಹೋದ) ಎರಡನ್ನೂ ಮುಂದಿಟ್ಟು ಬಿಟ್ಟ ಸ್ಥಳ ತುಂಬಿಸಿದರೆ ಅರ್ಧ ತರಗತಿ ಊಹೆಯಿಂದಲೇ ಉತ್ತರಿಸುತ್ತಿತ್ತು.

ಆಮೇಲೆ ಪಟ್ಟಿಯನ್ನು ಕೈಬಿಟ್ಟು, ಒಂದೇ ಮೂಲಪದದ ಜೋಡಿಗಳನ್ನು ಹಲಗೆಯ ಮೇಲೆ ಬರೆದು, ‘ಅದು ಮೊದಲು ಇತ್ತೇ?’ ಎಂಬ ಒಂದೇ ಪ್ರಶ್ನೆ ಕೇಳತೊಡಗಿದೆ. ಆಯುಧವಿಲ್ಲದವನು ಅನ್‌ಆರ್ಮ್ಡ್, ಇದ್ದ ಆಯುಧವನ್ನು ಕಿತ್ತುಕೊಂಡರೆ ಡಿಸಾರ್ಮ್ಡ್. ಓದಿನ ಅರ್ಹತೆಯೇ ಇಲ್ಲದ ಅಭ್ಯರ್ಥಿ ಅನ್‌ಕ್ವಾಲಿಫೈಡ್. 2019ರಲ್ಲಿ ವಿಧಾನಸಭಾಧ್ಯಕ್ಷರ ಆದೇಶದಿಂದ ಸ್ಥಾನ ಕಳೆದುಕೊಂಡ 17 ಶಾಸಕರು ಡಿಸ್‌ಕ್ವಾಲಿಫೈಡ್. ಕನ್ನಡದಲ್ಲಿ ಇಬ್ಬರನ್ನೂ ಅನರ್ಹರೆಂದೇ ಕರೆಯುತ್ತೇವಾದ್ದರಿಂದ ನಮ್ಮ ಮಕ್ಕಳು ಎಡವುವುದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಪವಾದಗಳು ನಿಯಮವನ್ನೇ ನುಂಗುತ್ತವೆ ಎಂದು ಸಹೋದ್ಯೋಗಿಗಳು ನಕ್ಕಿದ್ದರು. ಡಿಸ್‌ಆನೆಸ್ಟ್ ಎನಿಸಿಕೊಂಡವನು ಹಿಂದೆ ಪ್ರಾಮಾಣಿಕನಾಗಿದ್ದನೆಂದೇನೂ ಇಲ್ಲ, ನಿಜ. ಆಸಕ್ತಿಯಿಲ್ಲದವನು ಅನ್‌ಇಂಟರೆಸ್ಟೆಡ್ ಆದರೆ, ಸ್ವಂತ ಹಿತಾಸಕ್ತಿಯಿಲ್ಲದ ನಿಷ್ಪಕ್ಷಪಾತ ನ್ಯಾಯಾಧೀಶ ಡಿಸ್‌ಇಂಟರೆಸ್ಟೆಡ್. ಇಂಥವನ್ನು ಎರಡನೆಯ ವಾರಕ್ಕೆ ಮೀಸಲಿಡುತ್ತೇನೆ. ಮಿಸ್‌ಇನ್‌ಫರ್ಮೇಷನ್, ಡಿಸ್‌ಇನ್‌ಫರ್ಮೇಷನ್ ಜೋಡಿಗೆ ಮಾತ್ರ ‘ಮೋಸದ ಉದ್ದೇಶವಿತ್ತೇ?’ ಎಂದು ಪ್ರಶ್ನೆ ಬದಲಿಸುತ್ತೇನೆ: ತಪ್ಪು ಮಾಹಿತಿಯ ಹಿಂದೆ ಅದಿದ್ದರೆ ಡಿಸ್, ಇಲ್ಲದಿದ್ದರೆ ಮಿಸ್. ಈ ಪ್ರಶ್ನೆಯನ್ನು ಮಿಸ್‌ಯೂಸ್‌ಗೆ ಎಳೆದರೆ ಕೆಡುತ್ತದೆ, ಏಕೆಂದರೆ ದುರುಪಯೋಗ ಬೇಕೆಂದೇ ಮಾಡಿದ್ದೂ ಆಗಿರಬಹುದು.

ನಡುವೆ ಒಂದು ಬೀಗವನ್ನೂ ತರಗತಿಗೆ ಒಯ್ದೆ. ಅನ್‌ಲಾಕಬಲ್ ಎಂದರೆ ಬೀಗ ಹಾಕಲಾಗದ್ದೋ, ಹಾಕಿದ ಬೀಗ ತೆಗೆಯಬಹುದಾದದ್ದೋ ಎಂಬ ವಾದದಲ್ಲಿ ಇಡೀ ಅವಧಿ ಮುಗಿಯಿತು. ಎರಡೂ ಸರಿಯೆಂದಾಗ ಕೆಲವರು ಸಿಟ್ಟಾದರು. ಪೆಟ್ರೋಲ್ ಟ್ಯಾಂಕರಿನ ಹಿಂಬದಿಯ ಇನ್‌ಫ್ಲೇಮಬಲ್ ಪದ ಇನ್ನೂ ಲಾಭ ತಂದಿತು: ಅಲ್ಲಿನ ‘ಇನ್’ ನಿಷೇಧಾರ್ಥಕವಲ್ಲ, ಫ್ಲೇಮಬಲ್ ಎಂದರೂ ಹೊತ್ತಿಕೊಳ್ಳುವಂಥದ್ದೇ.

ಕಳೆದ ತಂಡದ ನಲವತ್ತರಷ್ಟು ಮಂದಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನ ಜೋಡಿ ಪದಗಳನ್ನು ತಪ್ಪಿಲ್ಲದೆ ಬರೆದರು. ಖರ್ಚಾದದ್ದು ಸೀಮೆಸುಣ್ಣ ಮಾತ್ರ. ನಕ್ಕವರೇ ಈಗ ನನ್ನ ಟಿಪ್ಪಣಿ ಕೇಳುತ್ತಾರೆ. ಮೊದಲ ದಿನದ ಜೋಡಿಗಳನ್ನು ಯಾವ ಅನುಕ್ರಮದಲ್ಲಿ ಕೊಡುತ್ತೇನೆಂಬುದನ್ನು ಮಾತ್ರ ಹೇಳಲಾರೆ, ಅದು ನನ್ನ ಹೊಟ್ಟೆಪಾಡು. ಸದ್ಯ ವಾಣಿಜ್ಯ ಪದವೀಧರರಿಗಾಗಿ ಬೇರೊಂದು ಕಂತು ಸಿದ್ಧಪಡಿಸುತ್ತಿದ್ದೇನೆ, ಏಕೆಂದರೆ ಲೆಕ್ಕಪರಿಶೋಧನೆಯಲ್ಲಿ ಅನ್‌ಕ್ವಾಲಿಫೈಡ್ ವರದಿ ಎಂದರೆ ಆಕ್ಷೇಪಣೆಯಿಲ್ಲದ ಶುದ್ಧ ವರದಿ, ಮತ್ತು ಅಲ್ಲಿ ನನ್ನ ಪ್ರಶ್ನೆಯ ಆಟ ನಡೆಯುವುದಿಲ್ಲ.