ಟಾಕೀಸಿನಲ್ಲಿ ಸೌಂಡ್ ಕಮ್ಮಿ ಇದ್ದರೆ ಕೂಗಬೇಡಿ, ಎದ್ದು ಹೋಗಿ ಹೇಳಿ

ಹೋದ ಮಳೆಗಾಲದಲ್ಲಿ ಅಮ್ಮನನ್ನು ಕರೆದುಕೊಂಡು ನಮ್ಮೂರ ಟಾಕೀಸಿಗೆ ಹೋಗಿದ್ದೆ. ಫಸ್ಟ್ ಶೋ, ಬಾಲ್ಕನಿ. ಸಿನಿಮಾ ಶುರುವಾಗಿ ಹತ್ತು ನಿಮಿಷ ಆದರೂ ಮಾತೇ ಸರಿಯಾಗಿ ಕೇಳಿಸುತ್ತಿಲ್ಲ. ಹಾಡು ಬಂದರೆ ಪರವಾಗಿಲ್ಲ, ಮಾತು ಬಂದರೆ ಫ್ಯಾನಿನ ಸದ್ದೇ ಜಾಸ್ತಿ. ಅಮ್ಮ ಪ್ರತಿ ಡೈಲಾಗಿಗೂ "ಏನಂದ?" ಅಂತ ನನ್ನ ಕಡೆ ಬಗ್ಗುತ್ತಿದ್ದಳು. ಕೆಳಗಿನಿಂದ ಯಾರೋ "ಸೌಂಡ್, ಸೌಂಡ್" ಅಂತ ಕೂಗಿದರು, ಎರಡು ಸೀಟಿ ಬಿತ್ತು, ಅಷ್ಟೇ. ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ. ಇಂಟರ್ವಲ್‌ನಲ್ಲಿ ಬಾಗಿಲ ಹತ್ತಿರ ಟಾರ್ಚ್ ಹಿಡಿದು ನಿಂತಿದ್ದ ಗೇಟ್ ಕೀಪರ್‌ಗೆ ಹೇಳಿದೆ. ವಯಸ್ಸಾದವರು. ಮೆಟ್ಟಿಲು ಹತ್ತಿ ಮೇಲೆ ಹೋಗಿ ಬಂದರು. ಎರಡೇ ನಿಮಿಷ, ಸರಿಯಾಯಿತು. "ಮೊದಲೇ ಹೇಳ್ಬಾರ್ದಿತ್ತೇನಮ್ಮ, ಮೇಲಿರೋರಿಗೆ ಮಿಷನ್ ಸದ್ದು ಬಿಟ್ರೆ ಏನೂ ಕೇಳಲ್ಲ" ಅಂದರು.

ಅರ್ಧ ಸಿನಿಮಾ ಹಾಳಾಗಿದ್ದು ಯಾರೂ ಎದ್ದು ಹೋಗಿ ಹೇಳದೆ ಇದ್ದಿದ್ದಕ್ಕೆ. ಅವತ್ತಿನಿಂದ ನಾನು ಕಾಯುವುದಿಲ್ಲ. ಟಾಕೀಸಿನಲ್ಲಿ ತೊಂದರೆಯಾದರೆ ಏನು ಮಾಡಬೇಕು, ಯಾರಿಗೆ ಹೇಳಬೇಕು, ಯಾವುದಕ್ಕೆ ಜಗಳ ಮಾಡಿ ಉಪಯೋಗವಿಲ್ಲ ಅನ್ನುವುದನ್ನು ನಾನು ಕಲಿತಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಾವು ನೋಡುತ್ತಿರುವುದನ್ನು ಟಾಕೀಸಿನವರು ನೋಡುತ್ತಿರುವುದಿಲ್ಲ. ಪ್ರೊಜೆಕ್ಟರ್ ರೂಮಿಗೂ ನಮಗೂ ಮಧ್ಯೆ ಗಾಜು ಇರುತ್ತದೆ. ಹಳೆ ಟಾಕೀಸಿನಲ್ಲಾದರೆ ಆಪರೇಟರ್ ಅಂತ ಒಬ್ಬರು ಮೇಲಿರುತ್ತಾರೆ. ಮಲ್ಟಿಪ್ಲೆಕ್ಸಿನಲ್ಲಿ ಪ್ರತಿ ಸ್ಕ್ರೀನಿಗೆ ಒಬ್ಬರು ಅಂತ ಇರುವುದು ಕಮ್ಮಿ, ಶೋ ಎಲ್ಲ ಮೊದಲೇ ಕಂಪ್ಯೂಟರಿನಲ್ಲಿ ಸೆಟ್ ಆಗಿರುತ್ತದೆ, ಹೊತ್ತಿಗೆ ಸರಿಯಾಗಿ ತಾನೇ ಓಡುತ್ತದೆ. ಹಾಗಾಗಿ ಒಳಗೆ ಇನ್ನೂರು ಜನ ಕೂತು ಬೇರೆ ಯಾರಾದರೂ ಹೇಳಿರುತ್ತಾರೆ ಅಂತ ಅಂದುಕೊಂಡರೆ ಹೊರಗೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಮೊದಲ ಹತ್ತು ನಿಮಿಷದೊಳಗೆ ಎದ್ದು ಹೋಗಿ. ಹೋದಾಗ "ಪಿಕ್ಚರ್ ಚೆನ್ನಾಗಿ ಬರ್ತಿಲ್ಲ" ಅಂತ ಮಾತ್ರ ಹೇಳಬೇಡಿ, ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಸ್ಕ್ರೀನ್ ನಂಬರ್, ನೀವು ಕೂತಿರುವ ಸಾಲು, ತೊಂದರೆ ಏನು, ಮೂರನ್ನೂ ಹೇಳಿ. ಹಾಡು ಜೋರಾಗಿ ಕೇಳಿ ಮಾತು ಮಾತ್ರ ಕೇಳದೆ ಇದ್ದರೆ "ಮಧ್ಯದ ಸ್ಪೀಕರ್ ನೋಡಿ" ಅನ್ನಿ. ಪರದೆಯ ಹಿಂದೆ ಮಧ್ಯದಲ್ಲಿ ಇರುವ ಸ್ಪೀಕರಿನಿಂದಲೇ ಮಾತು ಜಾಸ್ತಿ ಬರುವುದು. ಎಲ್ಲವೂ ಕಮ್ಮಿ ಇದ್ದರೆ "ಸೌಂಡ್ ಎಷ್ಟರಲ್ಲಿ ಇಟ್ಟಿದ್ದೀರಿ?" ಅಂತ ಕೇಳಿ. ಡಾಲ್ಬಿ ಪ್ರೊಸೆಸರ್ (ಸೌಂಡ್ ಹೆಚ್ಚು ಕಮ್ಮಿ ಮಾಡುವ ಯಂತ್ರ) ಇರುವ ಕಡೆ ಸಿನಿಮಾ ಮಿಕ್ಸ್ ಮಾಡುವವರು ಲೆಕ್ಕಕ್ಕೆ ಇಟ್ಟುಕೊಳ್ಳುವ ನಂಬರ್ 7. ಎಷ್ಟೋ ಕಡೆ ಅದನ್ನು ನಾಲ್ಕೋ ಐದೋ ಮಾಡಿ ಬಿಟ್ಟಿರುತ್ತಾರೆ. ಜೋರಾಯಿತು ಅಂತ ಹಿಂದಿನ ಶೋನಲ್ಲಿ ಯಾರೋ ಹೇಳಿರಬಹುದು, ಅದಾದ ಮೇಲೆ ಮತ್ತೆ ಏರಿಸಿರುವುದಿಲ್ಲ. ನೀವು ನಂಬರ್ ಕೇಳಿದ ತಕ್ಷಣ ಎದುರಿಗಿರುವವರು ಗಮನ ಕೊಡುವ ರೀತಿಯೇ ಬೇರೆಯಾಗುತ್ತದೆ, ಇದು ನಾನೇ ನೋಡಿದ್ದು.

ಚಿತ್ರ ಮಂಕಾಗಿದ್ದರೆ ಒಂದೋ ಲ್ಯಾಂಪ್ ಹಳೆಯದಾಗಿರುತ್ತದೆ, ಇಲ್ಲವೇ ತ್ರೀಡಿ ಶೋ ಆದ ಮೇಲೆ ಪ್ರೊಜೆಕ್ಟರ್ ಮುಂದಿನ ಫಿಲ್ಟರ್ ತೆಗೆಯದೆ ಬಿಟ್ಟಿರುತ್ತಾರೆ. ಮೊದಲನೆಯದು ಅವತ್ತೇ ಸರಿಯಾಗುವುದಿಲ್ಲ, ಎರಡನೆಯದು ಕೂಡಲೇ ಸರಿಯಾಗುತ್ತದೆ. ಅದಕ್ಕೇ "ತ್ರೀಡಿ ಫಿಲ್ಟರ್ ಹಾಗೇ ಇದೆಯಾ ನೋಡ್ತೀರಾ?" ಅಂತ ಕೇಳುವುದು ಒಳ್ಳೆಯದು. ತಲೆ ಕಟ್ ಆಗಿ ಕಾಣುತ್ತಿದ್ದರೆ, ಚಿತ್ರ ಪರದೆಯಿಂದ ಆಚೆ ಹೋಗುತ್ತಿದ್ದರೆ ಲೆನ್ಸ್ ಸೆಟ್ಟಿಂಗ್ ತಪ್ಪಾಗಿದೆ ಅಂತ ಅರ್ಥ.

ಒಂದು ಎಚ್ಚರಿಕೆ. ತೋರಿಸುವುದಕ್ಕೆ ಅಂತ ಪರದೆಯ ಕಡೆ ಮೊಬೈಲ್ ಹಿಡಿದು ವಿಡಿಯೋ ಮಾಡಬೇಡಿ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಪ್ರಕಾರ ಟಾಕೀಸಿನಲ್ಲಿ ಸಿನಿಮಾ ರೆಕಾರ್ಡ್ ಮಾಡಿದರೆ ಕಮ್ಮಿ ಅಂದರೂ 3 ತಿಂಗಳು, ಜಾಸ್ತಿ ಅಂದರೆ 3 ವರ್ಷ ಜೈಲು, ದಂಡವೇ 3 ಲಕ್ಷದಿಂದ ಶುರು. ತಪ್ಪು ಅವರದು, ಸಿಕ್ಕಿಹಾಕಿಕೊಳ್ಳುವವರು ನೀವು ಅಂತಾಗಬಾರದು. ಪರದೆಯ ತೊಂದರೆ ಇದ್ದರೆ ಸಿಬ್ಬಂದಿಯನ್ನೇ ಒಳಗೆ ಕರೆದು ನಿಮ್ಮ ಸೀಟಿನಲ್ಲಿ ಕೂರಿಸಿ ತೋರಿಸಿ. ಹರಿದ ಸೀಟು, ಗಲೀಜು ಟಾಯ್ಲೆಟ್, ಬಿಲ್ಲು, ಇವಕ್ಕೆ ಫೋಟೋ ತೆಗೆದರೆ ಸಾಕು.

ಬಾಗಿಲಲ್ಲಿ ನಿಂತಿರುವ ಹುಡುಗ ಹುಡುಗಿಯರ ಮೇಲೆ ರೇಗಬೇಡಿ. ಅವರ ಕೈಯಲ್ಲಿ ಏನೂ ಇರುವುದಿಲ್ಲ, ಬೆಳಗ್ಗೆಯಿಂದ ರಾತ್ರಿ ತನಕ ನಿಂತೇ ಇರುತ್ತಾರೆ. "ಡ್ಯೂಟಿ ಮ್ಯಾನೇಜರನ್ನ ಕರೀತೀರಾ?" ಅಂತ ಕೇಳಿ. ಹಳೆ ಟಾಕೀಸಿನಲ್ಲಿ ಬುಕಿಂಗ್ ಕೌಂಟರಿನ ಹಿಂದೆ ಮ್ಯಾನೇಜರ್ ಇರುತ್ತಾರೆ, ನೇರವಾಗಿ ಹೋಗಿ.

ಎಸಿ ಆಫ್ ಮಾಡಿದ್ದರೆ, ತೊಂದರೆ ಸರಿಯಾಗದೇ ಇದ್ದರೆ ದುಡ್ಡು ವಾಪಸ್ ಕೇಳುವುದು ಸಿನಿಮಾ ಮುಗಿದ ಮೇಲೆ ಅಲ್ಲ, ಆಗಲೇ. ಪೂರ್ತಿ ನೋಡಿ ಬಂದು ಕೇಳಿದರೆ ಯಾರೂ ಕೊಡುವುದಿಲ್ಲ. ದುಡ್ಡು ಇಲ್ಲ ಅಂದರೆ ಬೇರೆ ಶೋಗೆ ಟಿಕೆಟ್ ಕೇಳಿ, ಇದಕ್ಕೆ ಒಪ್ಪುವ ಮ್ಯಾನೇಜರ್‌ಗಳು ಇದ್ದಾರೆ. ಟಿಕೆಟ್ ಹರಿದು ಬಿಸಾಡಬೇಡಿ. ಆಪ್‌ನಲ್ಲಿ ಬುಕ್ ಮಾಡಿದ್ದರೆ ಮೆಸೇಜ್ ಅಳಿಸಬೇಡಿ. ಆಪ್‌ನವರು ಟಾಕೀಸಿನವರನ್ನು ಕೇಳಿ ಅನ್ನುತ್ತಾರೆ, ಟಾಕೀಸಿನವರು ಆಪ್‌ನವರನ್ನು ಕೇಳಿ ಅನ್ನುತ್ತಾರೆ. ಇಬ್ಬರಿಗೂ ಒಂದೇ ದಿನ ಬರೆದು ಹಾಕಿ.

ನೀರಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹೊರಗಿನ ತಿಂಡಿ ತರಬೇಡಿ ಅಂತ ಹೇಳುವ ಹಕ್ಕು ಟಾಕೀಸಿನವರಿಗೆ ಇದೆ ಅಂತ ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು ಹೇಳಿತು. ಆದರೆ ಅದೇ ತೀರ್ಪಿನಲ್ಲಿ ಶುದ್ಧವಾದ ಕುಡಿಯುವ ನೀರು ಪುಕ್ಕಟೆ ಕೊಡಬೇಕು, ಎಳೆ ಮಗುವಿಗೆ ಬೇಕಾದ ಆಹಾರವನ್ನು ತಂದೆ ತಾಯಿ ತಂದರೆ ತಡೆಯಬಾರದು ಅಂತಲೂ ಇದೆ. ಹಾಲಿನ ಬಾಟಲಿ, ರಾಗಿ ಸರಿ ಡಬ್ಬಿ ಬ್ಯಾಗಿನಿಂದ ತೆಗೆಸಿದರೆ ಸುಪ್ರೀಂ ಕೋರ್ಟಿನ ಈ ತೀರ್ಪು ಇದೆ ಅಂತ ಹೇಳಿ. ನೀರು ಎಲ್ಲಿದೆ ಅಂತ ಕೇಳಿದರೆ ಕೌಂಟರಿನವರು ಬಾಟಲಿ ಕಡೆ ಕೈ ತೋರಿಸುತ್ತಾರೆ. "ಫ್ರೀ ನೀರು ಎಲ್ಲಿದೆ?" ಅಂತ ಬಿಡಿಸಿ ಕೇಳಿ. ಬಾಟಲಿಯನ್ನೇ ಕೊಂಡರೆ ಎಂಆರ್‌ಪಿ ನೋಡಿ, ಬಿಲ್ಲು ತೆಗೆದುಕೊಳ್ಳಿ.

ಜಾಹೀರಾತು ಜಾಸ್ತಿ ಹಾಕುವ ಬಗ್ಗೆ ಎಲ್ಲರಿಗೂ ಸಿಟ್ಟಿದೆ ಅಲ್ವಾ. ಬೆಂಗಳೂರಿನಲ್ಲಿ ಒಬ್ಬರು 4:05ರ ಶೋಗೆ ಹೋಗಿ, ಸಿನಿಮಾ 4:30ಕ್ಕೆ ಶುರುವಾಯಿತು ಅಂತ ಗ್ರಾಹಕರ ಆಯೋಗಕ್ಕೆ ಹೋದರು. 2025ರ ಫೆಬ್ರವರಿಯಲ್ಲಿ ಅವರ ಪರವಾಗಿ ಆದೇಶ ಬಂತು, ಮಲ್ಟಿಪ್ಲೆಕ್ಸಿಗೆ 1 ಲಕ್ಷ ದಂಡವನ್ನೂ ಹಾಕಿದರು. ಮುಂದಿನ ತಿಂಗಳೇ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಟಿಕೆಟ್ ದರ 200 ರೂಪಾಯಿ ದಾಟಬಾರದು ಅಂತ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಮಾಡಿದ ನಿಯಮಕ್ಕೂ ಅದೇ ತಿಂಗಳು ಹೈಕೋರ್ಟಿನಿಂದ ತಡೆ ಬಂತು. ಹಾಗಾಗಿ ಈ ಎರಡು ವಿಷಯ ಹಿಡಿದುಕೊಂಡು ಸುಮ್ನೆ ಕೌಂಟರಿನಲ್ಲಿ ಕೂಗಾಡಬೇಡಿ, ಅಲ್ಲಿ ಕೂತವರು ಏನೂ ಮಾಡಲಾರರು.

ಒಳಗೇ ಬಿಡಲ್ಲ ಅಂದರೆ ಮಾತ್ರ ಸುಮ್ಮನಿರಬೇಡಿ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಅಂತ ಬಾಗಿಲಲ್ಲೇ ತಡೆದರು. ಕೈಯಲ್ಲಿ ಟಿಕೆಟ್ ಇತ್ತು. ಮಗ ಅದನ್ನು ವಿಡಿಯೋ ಮಾಡಿದ್ದರಿಂದಲೇ ಊರಿಗೆಲ್ಲ ಗೊತ್ತಾಯಿತು, ಸರ್ಕಾರ ಆ ಮಾಲನ್ನು 7 ದಿನ ಮುಚ್ಚಿಸುತ್ತೇವೆ ಅಂತ ಹೇಳಿತು. ನಮ್ಮಪ್ಪನೂ ಪಂಚೆಯಲ್ಲೇ ಸಿನಿಮಾಗೆ ಬರುತ್ತಿದ್ದರು. ಆ ವಿಡಿಯೋ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನೊಂದನ್ನು ದಯವಿಟ್ಟು ತಪ್ಪದೆ ಮಾಡಿ. ಕೂರುವ ಮೊದಲು ಹೊರಗೆ ಹೋಗುವ ಬಾಗಿಲು ನೋಡಿಕೊಳ್ಳಿ. ಬೀಗ ಹಾಕಿದ್ದರೆ, ಅಡ್ಡ ಕುರ್ಚಿ ಇಟ್ಟಿದ್ದರೆ ಸಿನಿಮಾ ಶುರುವಾಗುವ ಮೊದಲೇ ತೆಗೆಸಿ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು 59 ಜನ ಸತ್ತರು. ಬಾಲ್ಕನಿಯಲ್ಲಿ ಜಾಸ್ತಿ ಸೀಟು ಹಾಕಲು ದಾರಿ ಮುಚ್ಚಿದ್ದರು, ಹೊಗೆಯಲ್ಲಿ ಜನ ಒಳಗೇ ಸಿಕ್ಕಿಕೊಂಡರು. ಇಂಥದ್ದು ಕಂಡರೆ ಮ್ಯಾನೇಜರಿಗೆ ಹೇಳಿ, ಕೇಳದಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಒಂದು ಅರ್ಜಿ ಕೊಡಿ.

ಬರೆದು ದೂರು ಕೊಡಬೇಕಾದರೆ ಉದ್ದ ಬೇಡ. "ಈ ತಾರೀಕು, ಈ ಶೋ, ಈ ಸೀಟು. ಶುರುವಾಗಿ ಹತ್ತು ನಿಮಿಷಕ್ಕೆ ಎಸಿ ನಿಂತಿತು. 7:20ಕ್ಕೆ ಮ್ಯಾನೇಜರಿಗೆ ಹೇಳಿದೆ. ಸರಿಯಾಗಲಿಲ್ಲ. ಟಿಕೆಟ್ ದುಡ್ಡು ವಾಪಸ್ ಬೇಕು." ಇಷ್ಟು ಸಾಕು. ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ಇರುವ ಊರಿನ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ಫೀಸ್ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. 2 ವರ್ಷದೊಳಗೆ ಹಾಕಬೇಕು.

ಚೆನ್ನಾಗಿ ನೋಡಿಕೊಂಡರೆ ಅದನ್ನೂ ಹೇಳಿ, ಮ್ಯಾನೇಜರ್ ಕಿವಿಗೆ ಬೀಳುವ ಹಾಗೆ ಹೇಳಿ, ಯಾರು ಅಂತಲೂ ಹೇಳಿ. ಅವತ್ತು ಶೋ ಬಿಟ್ಟ ಮೇಲೆ ಅಮ್ಮ ಆ ಗೇಟ್ ಕೀಪರ್‌ಗೆ "ಆಮೇಲಿಂದ ಎಲ್ಲ ಮಾತೂ ಕೇಳಿಸ್ತಪ್ಪ" ಅಂದಳು. ಅವಳಿಗೆ ಮಂಡಿ ನೋವು, ಬಾಲ್ಕನಿ ಮೆಟ್ಟಿಲು ಎತ್ತರ. ಅವರು ಏನೂ ಹೇಳಲಿಲ್ಲ. ನಮ್ಮ ಮುಂದೆ ಹಿಂದಕ್ಕೆ ತಿರುಗಿ ನಿಂತು, ಅವಳು ಒಂದೊಂದು ಮೆಟ್ಟಿಲು ಇಳಿದ ಹಾಗೆ ಟಾರ್ಚನ್ನು ಮುಂದಿನ ಮೆಟ್ಟಿಲಿಗೆ ಬಿಡುತ್ತಾ ಕೆಳಗಿನ ತನಕ ಬಂದರು.